ಆ ಮೌನದಲ್ಲಿ ಬೆಳಕು ಇರಲಿ

"ಲೈಟ್ ಯಾರು ಆರಿಸಿದ್ದು?"

ತಾಲೀಮಿನ ನಡುವೆ ವೇದಿಕೆಯ ಕತ್ತಲೆಯಲ್ಲಿ ನಿಂತು ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಸಣ್ಣ ರಂಗಮಂದಿರ, ಖಾಲಿ ಕುರ್ಚಿಗಳು. ಹಿಂದಿನ ಸಾಲಿನ ಆಚೆ ಕೂತಿದ್ದ ಹೊಸ ಲೈಟಿನವನು ಎದ್ದು ನಿಂತ.

"ನಾನೇ. ನಿಮ್ಮ ಒಳ್ಳೇದಕ್ಕೇ ಆರಿಸಿದೆ."

ಅಯ್ಯೋ, ಎಂಥ ಮಾತು ಆಡಿಬಿಟ್ಟ! ಲೋಕದಲ್ಲಿ ಬೇರೆ ಮಾತೇ ಸಿಗಲಿಲ್ಲವೇ ಅವನಿಗೆ?

ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಒಬ್ಬನನ್ನು ಪ್ರೀತಿಸಿದ್ದಳು. ಅವನು ಅವಳ ಫೋನ್ ತಡಕಾಡಿದ್ದು, ಗೆಳತಿಯರ ಸಹವಾಸ ಬಿಡಿಸಿದ್ದು, ಕೊನೆಗೆ ಕೈ ಎತ್ತಿದ್ದು... ಎಲ್ಲವೂ ಅವಳ ಒಳ್ಳೆಯದಕ್ಕೇ! ಹೊಡೆದ ಮರುದಿನ ಹೂ ಹಿಡಿದು ಬರುತ್ತಿದ್ದ.

ಅದರಿಂದ ಪಾರಾಗಿ ಬಂದ ಕಥೆಯನ್ನೇ ಅವಳು ಏಕವ್ಯಕ್ತಿ ನಾಟಕ ಮಾಡಿದ್ದಳು. ಬರೆದವಳೂ ಅವಳೇ, ಆಡುವವಳೂ ಅವಳೇ. ಭಾನುವಾರ ಮೊದಲ ಪ್ರದರ್ಶನ. ಏನನ್ನೂ ಮುಚ್ಚಿಡದೆ, ಕೊನೆಯವರೆಗೂ ಹೇಳಿ ಮುಗಿಸಬೇಕು ಎಂಬುದೊಂದೇ ಅವಳ ಹಟ.

ಮನೆಗೆ ಬಂದವಳೇ ಅಕ್ಕನ ಮುಂದೆ ಹಾರಾಡಿದಳು. ಆ ಮನುಷ್ಯ ಬೇಡವೇ ಬೇಡ, ಟ್ಯೂಬ್‌ಲೈಟಿನ ಬೆಳಕಲ್ಲೇ ಆಡುತ್ತೇನೆ ಎಂದಳು. ನಾಟಕದ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನೇ? ಯಾಕೆ ಆರಿಸಿದ ಅಂತ ಒಂದು ಸಲ ಕೇಳು. ಆಮೇಲೂ ಕೊಯ್ಯಲೇಬೇಕು ಅನ್ನಿಸಿದ್ರೆ ಕತ್ತರಿ ನಾನೇ ಕೊಡ್ತೀನಿ."

ಮರುದಿನ ಕೇಳಿದಳು. ಅವನು ತಡವರಿಸುತ್ತ ಹೇಳಿದ. ಮೊದಲ ಏಟು ಬೀಳುವ ದೃಶ್ಯದಲ್ಲಿ ಅವಳು ಇದ್ದಕ್ಕಿದ್ದಂತೆ ಸುಮ್ಮನಾಗಿದ್ದಳು. ಮಾತು ಮರೆತಳು ಅಂದುಕೊಂಡ. ನಟರು ಮಾತು ಮರೆತರೆ ಮೆಲ್ಲಗೆ ಕತ್ತಲೆ ತಂದು ಅವರ ಮಾನ ಉಳಿಸುವುದು ಅವನು ಕಲಿತ ಪದ್ಧತಿ.

ಅವಳ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ...

"ನಾನು ಮರೆತಿರ್ಲಿಲ್ಲ. ಅವತ್ತು ಅವನು ಹೊಡೆದಾಗ ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ಆಗ್ಲೇ ಯಾಕೆ ಹೇಳ್ಲಿಲ್ಲ ಅಂತ ಎಲ್ರೂ ಕೇಳ್ತಾರಲ್ಲ... ಆ ಮೌನಾನ ಅವರೂ ನೋಡ್ಲಿ."

"ತಪ್ಪಾಯ್ತು," ಎಂದ ಅವನು. "ಇನ್ಮೇಲೆ ನೀವು ಹೇಳದೆ ಆರಿಸಲ್ಲ."

ತಪ್ಪಾಯ್ತು ಎಂದವನು ಹೂ ತರಲಿಲ್ಲ. ಏಣಿ ಹತ್ತಿ ದೀಪ ತಿರುಗಿಸತೊಡಗಿದ.

ಆಮೇಲಿನ ತಾಲೀಮುಗಳಲ್ಲಿ ಇಬ್ಬರೂ ಸಾಕಷ್ಟು ಕಿತ್ತಾಡಿದರು. ನೀಲಿ ಬೆಳಕಿನಲ್ಲಿ ನಾನು ಬಾವಿಗೆ ಬಿದ್ದವಳಂತೆ ಕಾಣುತ್ತೇನೆ ಎಂದು ಅವಳು ರೇಗಿದರೆ, ಅವನು ನಕ್ಕು ನೀಲಿ ತೆಗೆದ. ಬೇಡ ಎಂದರೆ ಮುಖ ಊದಿಸಿಕೊಳ್ಳದ ಗಂಡಸರೂ ಇರುತ್ತಾರೆಯೇ? ಇವನು ನನಗೆ ಇಷ್ಟವಾಗುತ್ತಿದ್ದಾನಾ... ಬೇಡಪ್ಪ, ಬೇಡ! ಹಾಗೆಂದು ತನ್ನನ್ನೇ ಗದರಿಕೊಂಡವಳು, ಒಳಗೆ ಬಂದ ಕೂಡಲೇ ಹುಡುಕುತ್ತಿದ್ದದ್ದು ಮಾತ್ರ ಅವನನ್ನೇ.

ಭಾನುವಾರ ರಂಗಮಂದಿರ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿದ್ದಳು.

ಮೊದಲ ಏಟಿನ ದೃಶ್ಯ ಬಂತು. ಅವಳು ಸುಮ್ಮನಾದಳು. ಮತ್ತೆ ಮಾತಾಡಬೇಕಾದ ಹೊತ್ತೂ ಬಂತು. ಆದರೆ ಮಾತೇ ಇಲ್ಲ... ನಿಜಕ್ಕೂ ಮರೆತುಹೋಗಿತ್ತು!

ಯಾರೋ ಕೆಮ್ಮಿದರು. ಕತ್ತಲೆ ಬರಲಿ ಎಂದು ಮನಸ್ಸಿನಲ್ಲೇ ಬೇಡಿದಳು. ಬರಲಿಲ್ಲ. ಬೆಳಕು ಅವಳ ಮುಖದ ಮೇಲೆ ಹಾಗೆಯೇ ನಿಂತಿತ್ತು. ಅವನೂ ನನ್ನ ಜೊತೆ ಕಾಯುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಉಸಿರು ತಹಬಂದಿಗೆ ಬಂತು. ಆಗ ಅವಳ ಬಾಯಿಂದ ಬಂದದ್ದು ಅವಳು ನಾಟಕದಲ್ಲಿ ಬರೆದೇ ಇರದ ಮಾತು.

"ಅವನು ನಂಗೆ ಹೊಡೆದ. ತಪ್ಪು ನಂದಲ್ಲ."

ಅಲ್ಲಿಂದ ಕೊನೆಯವರೆಗೆ ಅವಳು ಎಲ್ಲಿಯೂ ತಡವರಿಸಲಿಲ್ಲ. ಚಪ್ಪಾಳೆಯ ನಡುವೆ ಅಕ್ಕ ಅಳುತ್ತಲೇ ಶಿಳ್ಳೆ ಹೊಡೆದಳು.

ಜನ ಹೋದ ಮೇಲೆ ಅವಳು ಅವನ ಹತ್ತಿರ ಬಂದಳು. ಅವನು ವೈರು ಸುತ್ತುತ್ತಿದ್ದ.

"ಇವತ್ತು ನಿಜವಾಗ್ಲೂ ಮರೆತಿರಿ ಅಲ್ವಾ?"

"ಹೂಂ. ಗೊತ್ತಾಗಿಯೂ ಯಾಕೆ ಆರಿಸ್ಲಿಲ್ಲ?"

"ನೀವು ಹೇಳಿರ್ಲಿಲ್ಲ. ಆರಿಸೋಕೆ ಕೈ ಹೋಗಿತ್ತು... ಆದ್ರೆ ಕಥೆ ನಿಮ್ದು."

ಅವಳ ಕಣ್ಣು ತುಂಬಿತು. ಆದರೂ ನೇರವಾಗಿ ಅವನನ್ನೇ ನೋಡಿ ಹೇಳಿದಳು.

"ನಂಗೆ ನೀವು ಇಷ್ಟ. ಭಯ ಇನ್ನೂ ಹೋಗಿಲ್ಲ. ನಿಧಾನಕ್ಕೆ ಬರ್ತೀನಿ. ಪರ್ವಾಗಿಲ್ವಾ?"

ಅವನು ವೈರು ಕೆಳಗಿಟ್ಟ.

"ನಂಗೂ ನೀವು ಇಷ್ಟ. ಎಷ್ಟು ನಿಧಾನ ಆದ್ರೂ ಬನ್ನಿ." ಆಮೇಲೆ ಕೇಳಿದ, "ಕೈ ಹಿಡ್ಕೊಳ್ಳಲಾ?"

"ಬೇಡ."

ಅವನು ತಲೆಯಾಡಿಸಿ ಅಲ್ಲೇ ನಿಂತ. ಮುಖದಲ್ಲಿ ಮುನಿಸಿನ ಸುಳಿವೂ ಇರಲಿಲ್ಲ.

"ನಾನೇ ಹಿಡ್ಕೋತೀನಿ," ಎಂದು ಅವಳು ಅವನ ಕೈ ಹಿಡಿದಳು.