ಕೆಂಪು ಮುಚ್ಚಳದ ಕೊಳವೆಗಳು

"ಆಂಟಿ, ನನ್ನ ತಮ್ಮನನ್ನ ಯಾರೋ ಕದ್ದಿದ್ದಾರೆ," ಎಂದಳು ಎದುರುಮನೆಯ ಹುಡುಗಿ, ಬಾಗಿಲಲ್ಲೇ ನಿಂತು.

ಅತ್ತಿಗೆ ಪೊಲೀಸ್ ಪ್ರಯೋಗಾಲಯದಿಂದ ನಿವೃತ್ತರಾದರೂ ನಮ್ಮ ಬೀದಿಯವರು ಅವರನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ. ಕಾಣೆಯಾದ ಬೆಕ್ಕಿನಿಂದ ಹಿಡಿದು ಕಾಣೆಯಾದ ಗಂಡನವರೆಗೆ ಎಲ್ಲ ದೂರುಗಳೂ ನಮ್ಮ ಮನೆಗೇ ಬರುತ್ತಿದ್ದವು. ಕಾರು ಓಡಿಸುವುದು, ಹೇಳಿದ್ದಕ್ಕೆ ತಲೆಯಾಡಿಸುವುದು ಮೈದುನನಾದ ನನ್ನ ಪಾಲಿನ ಕೆಲಸ.

ಹುಡುಗಿ ಶ್ವಾಸಕೋಶ ಗಟ್ಟಿಯಾಗುವ ಅಪರೂಪದ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ತಮ್ಮ ಅದೇ ಕಾಯಿಲೆಯಿಂದ ಹಿಂದಿನ ವರ್ಷ ತೀರಿಕೊಂಡಿದ್ದ. ಸಾಯುವ ಮೊದಲು ತಾನಾಗಿಯೇ ಒಪ್ಪಿ ಶ್ವಾಸಕೋಶದ ಒಂದು ಚೂರು ಕೊಟ್ಟಿದ್ದ. ಅದರಿಂದ ಬೆಳೆಸಿದ ಜೀವಕೋಶಗಳನ್ನು ಕೊಳವೆಗಳಲ್ಲಿ ತುಂಬಿ, ಪ್ರಯೋಗಾಲಯದ ಫ್ರೀಜರ್‌ನಲ್ಲಿ ಇಟ್ಟಿದ್ದರು. ಹೊಸ ಔಷಧವೊಂದು ಅವುಗಳ ಮೇಲೆ ಕೆಲಸ ಮಾಡತೊಡಗಿತ್ತು.

"ಬೇರೆ ಯಾವುದನ್ನೂ ಮುಟ್ಟಿಲ್ಲ ಆಂಟಿ, ತಮ್ಮನದು ಮಾತ್ರ ಹೋಗಿದೆ. ಭಾನುವಾರ ಬಾಗಿಲು ತೆರೆದಿದ್ದು ನನ್ನ ಕಾರ್ಡಿಂದಲೇ ಅಂತೆ. ನಾನು ಜ್ವರ ಬಂದು ಮನೇಲಿ ಮಲಗಿದ್ದೆ. ನನ್ನ ಫಲಿತಾಂಶ ಸುಳ್ಳು, ಅದನ್ನ ಬೇರೆಯವರು ಪರೀಕ್ಷಿಸಬಾರದು ಅಂತ ನಾನೇ ತೆಗೆದೆ ಅಂತಾರೆ ನಮ್ಮ ಗೈಡ್ ಮೇಷ್ಟ್ರು."

"ಕಾರ್ಡ್ ಎಲ್ಲಿತ್ತು?"

"ಮನೇಲಿ, ನನ್ನ ಬ್ಯಾಗಲ್ಲಿ. ಅವತ್ತು ಕನ್ನಡಕ ಮಾತ್ರೆ ಕೊಡೋಕೆ ಬಂದಿದ್ದ."

ಕನ್ನಡಕ ಎಂದರೆ ಅವಳ ಪಕ್ಕದ ಮೇಜಿನ, ದಪ್ಪ ಕನ್ನಡಕದ ಸಂಶೋಧಕ. ಅವನ ಪ್ರಬಂಧ ಮುಂದೆ ಸಾಗುತ್ತಿರಲಿಲ್ಲ ಎಂದು ಕೇಳಿದ ಕೂಡಲೇ ಕಳ್ಳ ಸಿಕ್ಕ ಎಂದುಕೊಂಡೆ.

ಪ್ರಯೋಗಾಲಯದಲ್ಲಿ ಅತ್ತಿಗೆ ಫ್ರೀಜರ್ ಒಳಗೆ ಬಗ್ಗಿ ನೋಡಿದರು. ಅಂಚಿನ ಹಿಮಕ್ಕೆ ಬೂದು ಬಣ್ಣದ ಉಣ್ಣೆಯ ಎಳೆಯೊಂದು ಅಂಟಿತ್ತು.

"ಈ ಕೊಳವೆ ಹೊರಗೆ ಒಯ್ಯೋದು ಹೇಗಪ್ಪಾ?" ಎಂದು ಕನ್ನಡಕನನ್ನು ಕೇಳಿದರು.

"ಡ್ರೈ ಐಸ್ ಮಂಜುಗಡ್ಡೆ ತುಂಬಿದ ಪೆಟ್ಟಿಗೇಲಿ. ಇಲ್ಲದಿದ್ರೆ ಕರಗಿ ಜೀವಕೋಶ ಸಾಯ್ತವೆ. ಪೆಟ್ಟಿಗೆ ಇಲ್ಲೇ ಇದೆ ನೋಡಿ. ಒಳಗೆ ಮೈನಸ್ ಎಂಬತ್ತು ಡಿಗ್ರಿ, ಕೈಗವಸು ಇಲ್ಲದೆ ಮುಟ್ಟಿದ್ರೆ ಸುಟ್ಟ ಹಾಗೆ ಬೊಬ್ಬೆ ಬರುತ್ತೆ." ಅವನ ಬೆರಳುಗಳ ಮೇಲೆ ಒಂದು ಗೀರೂ ಇರಲಿಲ್ಲ.

"ಅವಳ ತಮ್ಮನದು ಯಾವುದು ಅಂತ ಗೊತ್ತಾಗೋದು ಹೇಗೆ?"

"ಅದಕ್ಕೆ ಮಾತ್ರ ಕೆಂಪು ಮುಚ್ಚಳ. ಹೋದ ತಿಂಗಳು ಅವಳು, ಊಟದ ಡಬ್ಬಿ ತಂದಿದ್ದ ಅಮ್ಮನಿಗೂ ತೋರಿಸಿದ್ಳು. ಪಾಪ, ಅವರು ಫ್ರೀಜರ್ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತೇ ಇದ್ರು."

ಆ ಸಂಜೆ ಅತ್ತಿಗೆ ಎಲ್ಲರನ್ನೂ ಹುಡುಗಿಯ ಮನೆಗೇ ಕರೆಸಿದರು. ಬಾಗಿಲು ತೆರೆದ ತಾಯಿಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. "ಒಲೆ ಮೇಲಿನ ಪಾತ್ರೆ ತಾಗಿ ಸುಟ್ಟಿತು," ಎಂದರು. ಮೇಷ್ಟ್ರು ಗಡಿಯಾರ ನೋಡುತ್ತಾ ಕುಳಿತರು. ಕನ್ನಡಕ ಬೆವರುತ್ತಿದ್ದ.

"ಜೀವಕೋಶ ಬೇಕಾಗಿದ್ದವರು ಮಂಜುಗಡ್ಡೆ ಪೆಟ್ಟಿಗೇಲಿ ಒಯ್ತಿದ್ರು," ಎಂದು ಅತ್ತಿಗೆ ಮೆಲ್ಲನೆ ಶುರುಮಾಡಿದರು. "ಹಾಳುಮಾಡೋದೇ ಗುರಿಯಾಗಿದ್ದಿದ್ರೆ ಫ್ರೀಜರ್ ಬಾಗಿಲು ತೆರೆದಿಟ್ಟು ಹೋದ್ರೆ ಸಾಕಿತ್ತು. ಇವೆರಡೂ ಆಗಿಲ್ಲ. ಬಂದವರು ತಮ್ಮವನನ್ನ ಮಾತ್ರ ಆರಿಸಿ, ಬರಿಗೈಲಿ ಎತ್ತಿ, ಉಣ್ಣೆ ಬಟ್ಟೇಲಿ ಸುತ್ತಿಕೊಂಡು ಹೋಗಿದ್ದಾರೆ. ಅಲ್ಲಿ ಕೆಲಸ ಮಾಡೋರು ಯಾರೂ ಬರಿಗೈಲಿ ಮುಟ್ಟಲ್ಲ, ಉಣ್ಣೇಲೂ ಸುತ್ತಲ್ಲ. ಮಗಳು ಜ್ವರದಲ್ಲಿ ಮಲಗಿದ್ದಾಗ ಬ್ಯಾಗಿಂದ ಕಾರ್ಡ್ ತೆಗೆಯೋದು ಯಾರಿಗೆ ಸುಲಭ? ಊಟದ ಡಬ್ಬಿ ಹಿಡಿದು ಬರೋ ತಾಯಿಯನ್ನ ಕಾವಲುಗಾರ ತಡೀತಾನಾ?"

ಹುಡುಗಿ ದಿಗ್ಗನೆ ಎದ್ದಳು. "ಅಮ್ಮಾ?"

ತಾಯಿ ಮತ್ತೆ ಸುಳ್ಳು ಹೇಳಲಿಲ್ಲ. "ನೀನೇ ಅಲ್ವಾ ಹೇಳಿದ್ದು? 'ತಮ್ಮ ಸತ್ತಿಲ್ಲ ಅಮ್ಮ, ಇದರಲ್ಲಿ ಇನ್ನೂ ಬದುಕಿದ್ದಾನೆ' ಅಂತ. ಮಗು ಅಂಥ ಚಳೀಲಿ ಬಿದ್ದಿರುವಾಗ ನಾನು ಹೇಗೆ ಹೊದ್ದು ಮಲಗಲಿ?"

"ಎಲ್ಲಿಟ್ಟೆ?"

"ಅವನ ಹಾಸಿಗೇಲಿ."

ಒಳಕೋಣೆಯ ಮಂಚದ ಮೇಲೆ, ಬೂದು ಶಾಲಿನಡಿ, ದಿಂಬಿಗೆ ತಾಗಿಸಿ ಕೊಳವೆಗಳನ್ನು ಸಾಲಾಗಿ ಮಲಗಿಸಿದ್ದರು. ಒಳಗೆ ಹೆಪ್ಪುಗಟ್ಟಿದ್ದ ದ್ರವ ಕರಗಿ ನೀರಾಗಿತ್ತು.

"ಬದುಕಿದ್ದಾನಾ?" ಎಂದು ತಾಯಿ ಬಾಗಿಲಿಂದಲೇ ಕೇಳಿದರು.

ಹುಡುಗಿ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು, ಮತ್ತೆ ಶಾಲಿನಡಿ ಇಟ್ಟಳು. "ಇಲ್ಲಮ್ಮ. ತಮ್ಮ ಹೋದ. ಹೋದ ವರ್ಷವೇ ಹೋದ. ನಿನಗೆ ಸಮಾಧಾನ ಆಗ್ಲಿ ಅಂತ ಹಾಗಂದೆ."

ಅಂತ್ಯಕ್ರಿಯೆಯ ದಿನ ಒಂದು ಹನಿ ಕಣ್ಣೀರೂ ಹಾಕದ ಆ ತಾಯಿ ಮಂಚದ ಕಾಲು ಹಿಡಿದು ಕುಸಿದು ಅತ್ತರು. ಮಗಳು ಪಕ್ಕದಲ್ಲಿ ಕುಳಿತು ಅವರ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೊಬ್ಬೆಗಳಿಗೆ ಮುಲಾಮು ಸವರತೊಡಗಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಪೊಲೀಸರ ಮಾತು ಬೇಡ. ನಿನ್ನ ಮೇಲೆ ಅನುಮಾನಪಟ್ಟೆ, ಕ್ಷಮಿಸಮ್ಮ," ಎಂದರು. ನಾನೂ ಕನ್ನಡಕನ ಮುಖ ನೋಡಲಾಗದೆ ಹೊರಗೆ ಬಂದೆ.

"ಈ ಸಲ ಸಿಗದೇ ಇದ್ದಿದ್ರೇ ಚೆನ್ನಾಗಿತ್ತು ಕಣೋ," ಎಂದರು ಅತ್ತಿಗೆ, ರಸ್ತೆ ದಾಟುವಾಗ.

ಹುಡುಗಿ ಸಂಶೋಧನೆ ಬಿಡಲಿಲ್ಲ. ಆದರೆ ಅದೇ ಕಾಯಿಲೆಯ ಇನ್ನೊಬ್ಬ ರೋಗಿ ಸಿಗುವವರೆಗೆ ಅವಳ ಕೆಲಸ ನಿಂತೇ ಇತ್ತು. ಪ್ರತಿದಿನ ಆಸ್ಪತ್ರೆಗೆ ಹೋಗಿ ವಿಚಾರಿಸುತ್ತಿದ್ದಳು. ಯಾರೂ ಬಂದಿಲ್ಲ ಎಂದು ಅಲ್ಲಿಯವರು ಹೇಳಿದಾಗ, ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತಂತೆ.