ಸುತ್ತು ದಾರಿಯ ಟ್ರ್ಯಾಕ್ಟರ್

"ಅಯ್ಯೋ... ನಿಲ್ಸೀ!"

ಹಳೇ ಮಠದ ಕಮಾನಿನ ತಿರುವಿನಲ್ಲಿ ಧುತ್ತೆಂದು ಟ್ರ್ಯಾಕ್ಟರ್ ಎದುರಾದಾಗ ಡರ್ವ್ಲಾ ಸೈಕಲ್ ಸಮೇತ ಕಲ್ಲುಗೋಡೆಗೆ ಅಂಟಿಕೊಂಡಳು.

ಟ್ರ್ಯಾಕ್ಟರಿನ ಮೇಲಿದ್ದ ಕೆಂಗೂದಲಿನ ಯುವಕ ವೇಗ ತಗ್ಗಿಸಿ ಅವಳನ್ನೇ ನೋಡಿದ. ಸ್ಟೇರಿಂಗಿನಿಂದ ತೋರುಬೆರಳೊಂದನ್ನೇ ಮೆಲ್ಲಗೆ ಎತ್ತಿದ. ನಕ್ಕ. ಹೊರಟುಹೋದ.

ಅಷ್ಟೇ! ಡಬ್ಲಿನ್‌ನಿಂದ ವಾರದ ಮಟ್ಟಿಗೆ ಅತ್ತೆಯ ಮನೆಗೆಂದು ನಮ್ಮ ಹಳ್ಳಿ ಬ್ಯಾಲಿಕೊರ್ರಿನ್‌ಗೆ ಬಂದವಳಿಗೆ ಅಷ್ಟೇ ಸಾಕಾಯಿತು. ಆ ಮಹಾನಗರದಲ್ಲಿ ಪಕ್ಕದ ಮನೆಯವರೂ ಮುಖ ನೋಡುವುದಿಲ್ಲವಲ್ಲ!

ಮರುದಿನವೂ ಅದೇ ಕಮಾನು, ಅದೇ ಬೆರಳು. ಅದರ ಮರುದಿನ ಅವನು ಕೆಳಗಿಳಿದು, ಕಳಚಿದ್ದ ಸೈಕಲ್ ಚೈನು ಹಾಕಿಕೊಟ್ಟ. "ನಾನು ಫಿಂಟನ್" ಎನ್ನುವಷ್ಟರಲ್ಲಿ ಅವನ ಕಿವಿಯೆಲ್ಲ ಕೆಂಪಾಗಿತ್ತು.

'ನನಗೋಸ್ಕರಾನೇ ಬೆರಳೆತ್ತುತ್ತಾನೆ...' ಡರ್ವ್ಲಾ ಒಳಗೊಳಗೇ ಹಿಗ್ಗಿದಳು.

ಶುಕ್ರವಾರ ಡಿಂಪ್ನಾ ಅತ್ತೆಯ ಕಾರಿನಲ್ಲಿ ಪೇಟೆಗೆ ಹೊರಟಾಗ ಎದುರಿಗೆ ಫಿಂಟನ್ ಬಂದ. ಅತ್ತೆಗೆ ಬೆರಳೆತ್ತಿದ. ಹಿಂದಿನ ಕಾರಿನಲ್ಲಿದ್ದ ಪಾದ್ರಿಗೆ ಎತ್ತಿದ. ಶವದ ಗಾಡಿಯ ಡ್ರೈವರಿಗೂ ಎತ್ತಿದ!

"ಅತ್ತೆ... ಅವನು ಎಲ್ಲರಿಗೂ ಹಾಗೇ ಮಾಡ್ತಾನಾ?"

"ಮತ್ತೆ? ಅದೇ ನಮ್ಮೂರ ನಮಸ್ಕಾರ. ಎದುರಿಗೆ ಬಂದೋರಿಗೆ ಬೆರಳೆತ್ತದಿದ್ರೆ ಊರೋರು ಬಿಡ್ತಾರಾ? ಸಂಜೆಯೊಳಗೆ 'ಇವನಿಗೇನು ಕೊಬ್ಬು' ಅಂತಾರೆ ಕಣೇ!"

ಡರ್ವ್ಲಾಳ ಮುಖ ಸಪ್ಪಗಾಯಿತು. ಅಳುವೂ ಬಂತು, ತನ್ನ ಮೇಲೆಯೇ ಸಿಟ್ಟೂ ಬಂತು. ಶನಿವಾರ ಕಮಾನಿನ ಬಳಿ ಟ್ರ್ಯಾಕ್ಟರ್ ಕಂಡದ್ದೇ ಗೋಡೆಯತ್ತ ತಿರುಗಿಬಿಟ್ಟಳು. ಪಾಪ, ಅವನ ಬೆರಳು ಗಾಳಿಯಲ್ಲೇ ಉಳಿಯಿತು.

ಭಾನುವಾರ ಡರ್ವ್ಲಾಳನ್ನು ಕಳಿಸಿಕೊಡಲು ಅತ್ತೆಯೂ ಬಂದಿದ್ದಳು. ಊರಿನ ಹಳೇ ಕೋಟೆಯ ಬುಡದಲ್ಲಿ ಡಬ್ಲಿನ್ ಬಸ್ಸು ಬಂದು ನಿಂತಿತು. ಅದರ ಮುಂದೆಯೇ ಅಡ್ಡಡ್ಡ ಟ್ರ್ಯಾಕ್ಟರ್!

"ನಾನೇನ್ ತಪ್ಪು ಮಾಡ್ದೆ? ನಿನ್ನೆ ಮುಖ ತಿರುಗಿಸ್ಕೊಂಡ್ರಲ್ಲ!" ಫಿಂಟನ್ ಏದುಸಿರು ಬಿಡುತ್ತಿದ್ದ.

"ನಿಮ್ದೇನೂ ತಪ್ಪಿಲ್ಲ. ನೀವು ಊರಿಗೆಲ್ಲ ಬೆರಳೆತ್ತುತ್ತೀರಿ. ನಾನೇ ದಡ್ಡಿ... ನನಗೊಬ್ಬಳಿಗೇ ಅಂದ್ಕೊಂಡೆ."

"ಬೆರಳು ಎಲ್ಲರಿಗೂ ಎತ್ತುತ್ತೀನಿ, ನಿಜ. ಆದ್ರೆ..." ಅವನ ಕಿವಿ ಮತ್ತೆ ಕೆಂಪಾಯಿತು. "ನನ್ನ ಹೊಲ, ಕೊಟ್ಟಿಗೆ ಎಲ್ಲಾ ಹೊಳೆಯಾಚೆ ಇದೆ. ಮಠದ ದಾರೀಲಿ ನನಗೇನೂ ಕೆಲ್ಸ ಇಲ್ಲ. ಮೊದಲ ದಿನ ಸೇತುವೆ ಮೇಲೆ ಲಾರಿ ಕೆಟ್ಟು ನಿಂತಿತ್ತು, ಅದಕ್ಕೆ ಸುತ್ತಿ ಬಂದೆ. ಆಮೇಲೆ ದಿನಾ... ನಿಮ್ಮನ್ನ ನೋಡೋಕೇ ಸುತ್ತಿ ಬಂದೆ!"

"ಅದಕ್ಕೇನೋ ವಾರವಿಡೀ ನಿನ್ನ ಹಸುಗಳು ಹಾಲು ಕರೆಯೋರಿಲ್ದೆ ಬೊಬ್ಬೆ ಹೊಡೀತಿದ್ದಿದ್ದು!" ಡಿಂಪ್ನಾ ಅತ್ತೆ ಹಣೆ ಚಚ್ಚಿಕೊಂಡಳು. ಬಸ್ಸಿನ ತುಂಬ ನಗು.

"ಏನಮ್ಮಾ, ಹತ್ತುತ್ತೀಯೋ ಇಲ್ವೋ?" ಡ್ರೈವರ್ ಹಾರನ್ ಹೊಡೆದ.

"ನಾಳೆ ಬರ್ತೀನಿ... ನೀವು ಹೊರಡಿ!"

ಫಿಂಟನ್ ಟ್ರ್ಯಾಕ್ಟರನ್ನು ಪಕ್ಕಕ್ಕೆ ಸರಿಸಿ ಓಡಿ ಬಂದ. ಬಸ್ಸು ಹೊರಡುವಾಗ ಡ್ರೈವರ್ ಬೆರಳೆತ್ತಿದ. ಡರ್ವ್ಲಾಳೂ ಎತ್ತಿದಳು. ಅವಳ ಇನ್ನೊಂದು ಕೈ ಫಿಂಟನ್‌ನ ಅಂಗೈಯೊಳಗಿತ್ತು.

"ಹಸುಗಳು ಕಾಯ್ತಿವೆ. ನೋಡೋಕೆ ಬರ್ತೀರಾ?" ಅಂದ ಅವನು.

"ಬರ್ತೀನಿ. ಆದ್ರೆ ಸೇತುವೆ ಕಡೆಯಿಂದ ಬೇಡ..." ಅವಳು ತಲೆ ತಗ್ಗಿಸಿ ನಕ್ಕಳು. "ಸುತ್ತಿಕೊಂಡೇ ಹೋಗೋಣ."