ಮೂರನೇ ಬೋರಿನ ಬಂಡೆ

ಶವ ಸಿಕ್ಕಿದ್ದು ಬೆಳಿಗ್ಗೆ ಏಳಕ್ಕೆ. ಅಪಾರ್ಟ್‌ಮೆಂಟ್ ಕಟ್ಟಲು ಗುರುತು ಹಾಕಿದ್ದ ಕಡಿದಾದ ಗುಡ್ಡದ ಬುಡದಲ್ಲಿ, ಅಲ್ಲಿಯ ಮಣ್ಣು ಪರೀಕ್ಷಿಸುತ್ತಿದ್ದ ಎಂಜಿನಿಯರ್ ಮುಖ ಕೆಳಗಾಗಿ ಬಿದ್ದಿದ್ದಳು. ಮೊದಲು ನೋಡಿದವನು ಮಣ್ಣಿನ ಮಾದರಿಗಾಗಿ ಬೋರ್ ಕೊರೆಯುವ ಮೇಸ್ತ್ರಿ.

"ಕಾಲು ಜಾರಿದೆ," ಎಂದರು ಎಲ್ಲರೂ.

"ನನ್ನ ತಂಗಿ ಹತ್ತು ವರ್ಷದಿಂದ ಗುಡ್ಡ ಹತ್ತಿ ಇಳಿದೋಳು," ಎಂದು ಅವಳ ಅಣ್ಣ ಹಲ್ಲು ಕಚ್ಚಿದ. "ಇನ್ನೊಂದ್ಸಲ ಯಾರಾದ್ರೂ ಜಾರಿದೆ ಅಂದ್ರೆ ನಾನು ಸುಮ್ನಿರಲ್ಲ."

ಇನ್‌ಸ್ಪೆಕ್ಟರ್ ಶವದ ಪಕ್ಕ ಕುಳಿತಳು. ಜಾರಿದವರು ಏನನ್ನಾದರೂ ಹಿಡಿಯಲು ನೋಡುತ್ತಾರೆ. ಇವಳ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಯಾರೋ ತಳ್ಳಿದ್ದಾರೆ ಎನಿಸಿ ಇನ್‌ಸ್ಪೆಕ್ಟರಿಗೆ ಮೈ ಉರಿಯಿತು.

*

ಹಿಂದಿನ ದಿನ ಮೇಸ್ತ್ರಿಗೂ ಎಂಜಿನಿಯರಿಗೂ ಜಗಳವಾಗಿತ್ತು. ಅನುಮಾನ ಅವನ ಮೇಲೇ ಬಿತ್ತು.

"ಹೌದು ಮೇಡಂ, ಕೂಗಾಡಿದೆ," ಎಂದ ಮೇಸ್ತ್ರಿ. "ಮೂರನೇ ಬೋರಲ್ಲಿ ಬರೀ ಸಡಿಲ ಮಣ್ಣು. ಪಕ್ಕದಲ್ಲೇ ಇನ್ನೊಂದು ಕೊರಿ ಅಂದ್ರು. ಗೊಣಗ್ತಾ ಕೊರೆದೆ. ಐದು ಗಂಟೆಗೆ ಮುಗೀತು. ಅಲ್ಲೂ ಮಣ್ಣೇ. ನಾನು ಮನೆಗೆ ಹೋದೆ."

ಆದರೆ ಶೆಡ್ಡಿನಲ್ಲಿ, ಪ್ರತಿ ಬೋರಿನಿಂದ ತೆಗೆದದ್ದನ್ನು ಇಡುವ ಮಾದರಿ ಪೆಟ್ಟಿಗೆಗಳ ಪೈಕಿ 'ಮೂರು' ಎಂದು ಬರೆದದ್ದರಲ್ಲಿ ಗಟ್ಟಿ ಬಂಡೆಯ ತುಂಡುಗಳಿದ್ದವು. 'ಒಂದು' ಎಂದು ಬರೆದದ್ದು ಅರ್ಧ ಖಾಲಿ. ಇನ್‌ಸ್ಪೆಕ್ಟರ್ ಎರಡರ ತುಂಡುಗಳನ್ನೂ ನೆಲದ ಮೇಲೆ ಜೋಡಿಸಿದಳು. ಒಡೆದ ಬಳೆಯ ಚೂರುಗಳಂತೆ ಒಂದಕ್ಕೊಂದು ಕೂಡಿಕೊಂಡವು.

*

ಮಧ್ಯಾಹ್ನ ಆರ್ಕಿಟೆಕ್ಟನನ್ನು ಗುಡ್ಡಕ್ಕೇ ಕರೆಸಿದಳು. ಗುಡ್ಡದ ಅಂಚಿಗೆ ಆತುಕೊಂಡು ಹತ್ತು ಮಹಡಿ, ಪ್ಲಾನ್ ಅವನದು.

"ಅವಳ ಹತ್ರ ಮಾತಾಡಿ ಎಷ್ಟು ದಿನ ಆಯ್ತು?"

"ಒಂದು ವಾರ."

ಇನ್‌ಸ್ಪೆಕ್ಟರ್ ಮೂರನೇ ಬೋರ್ ದಾಟಿ ಅಂಚಿನತ್ತ ನಡೆದಳು.

"ಅಲ್ಲಿ ಬೇಡ ಮೇಡಂ, ಆ ಮಣ್ಣು ಕುಸಿಯುತ್ತೆ."

ಅವಳು ತಿರುಗಿದಳು. "ಪೆಟ್ಟಿಗೆ ನೋಡಿದೋರು ಇಲ್ಲಿ ಬಂಡೆ ಇದೆ ಅಂತಾರೆ. ಮಣ್ಣು ಅಂತ ಗೊತ್ತಿದ್ದೋರು ಇಬ್ರೇ, ಮೇಸ್ತ್ರಿ ಮತ್ತೆ ಸತ್ತವಳು. ಮೇಸ್ತ್ರಿ ನಿಮ್ಮನ್ನ ನೋಡೇ ಇಲ್ಲ. ನಿನ್ನೆ ಐದೂವರೆಗೆ ಅವಳು ಫೋನ್ ಮಾಡಿದ್ದು ನಿಮಗೆ. ಆ ದಾಖಲೆ ನನ್ನ ಹತ್ರ ಇದೆ. ನೀವು ಬಂದ್ರಿ, ಹಿಂದಿನಿಂದ ತಳ್ಳಿದ್ರಿ. ಆಮೇಲೆ ಒಂದನೇ ಪೆಟ್ಟಿಗೆ ಬಂಡೆನ ಮೂರಕ್ಕೆ ತುಂಬಿದ್ರಿ."

ಅವನು ಕಣಿವೆಯತ್ತ ತಿರುಗಿದ.

"ಕಟ್ಟಡ ಅಂಚಿನಿಂದ ಹಿಂದಕ್ಕೆ ಸರಿಸಿ ಅಂದಳು," ಎಂದ. "ನಾಲ್ಕು ವರ್ಷ ಬಿಡಿಸಿದ್ದೆ. ಪ್ರತಿ ಕಿಟಕಿಯಿಂದಲೂ ಕಣಿವೆ ಕಾಣ್ತಿತ್ತು. ಒಂದೇ ಮಾತಲ್ಲಿ ಅಳಿಸು ಅಂದ್ರೆ?"

"ಆ ಕಿಟಕಿಗಳ ಒಳಗೆ ಜನ ಮಲಗೋರು. ಅವರನ್ನ ಎಲ್ಲಿ ಬಿಡಿಸಿದ್ರಿ ನಿಮ್ಮ ಪ್ಲಾನಲ್ಲಿ?"

ಅವನ ಕೈಗೆ ಕೋಳ ಬಿತ್ತು. ಕೆಳಗೆ ಜೀಪಿನ ಬಳಿ ಅಣ್ಣ ಕಾಯುತ್ತಿದ್ದ. ನೇರ ಬಂದವನೇ ಆರ್ಕಿಟೆಕ್ಟನ ಕೆನ್ನೆಗೆ ಬಾರಿಸಿದ. ತಡೆಯಬೇಕಿದ್ದ ಇನ್‌ಸ್ಪೆಕ್ಟರ್ ಒಂದು ಗಳಿಗೆ ತಡವಾಗಿಯೇ ಅಡ್ಡ ಬಂದಳು.